ಆಸ್ಪೆನ್ ಮೊಗ್ಗು, ಕಂತು 4: ಬೆಳ್ಳಗಿರೋದೆಲ್ಲ ಹಾಲಲ್ಲ

ಚಳಿಗಾಲಕ್ಕೆ ಆಸ್ಪೆನ್ ಮೊಗ್ಗಿನ ಕೋಶಗಳ ನಡುವಿನ ಕಿಂಡಿ ಮುಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡೆ ಅಂತ ಹೋದ ಕಂತಿನಲ್ಲಿ ಫೋಟೊ ಹಾಕಿ "ಸಿಕ್ತು, ಸಿಕ್ತು!" ಎಂದು ಕುಣಿದಿದ್ದೆನಲ್ಲ, ಅದನ್ನು ವಾಪಸ್ ತಗೊಳ್ತಿದ್ದೇನೆ. ಆ ಫೋಟೊಗಳನ್ನು ಯಾರಾದರೂ ಇಳಿಸಿಕೊಂಡಿದ್ದರೆ ಅಳಿಸಿಬಿಡಿ.

ಹೊಸಬರಿಗೆ ಎರಡು ಮಾತು. ಇಲ್ಲಿ ಉತ್ತರ ಸ್ವೀಡನ್ನಿನ ಉಮಿಯೊದಲ್ಲಿ ಆಸ್ಪೆನ್ ಮರಕ್ಕೆ ಹಗಲು ಸಣ್ಣದಾಗುತ್ತಿದ್ದ ಹಾಗೆ ಬೆಳೆಯುವ ಉಮೇದು ಇಳಿಯುತ್ತದೆ, ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಹೂವಿನದಲ್ಲ, ಚಿಗುರಿನ ಮೊಗ್ಗು. ಒಳಗೆ ಕೋಶದಿಂದ ಕೋಶಕ್ಕೆ ಇರುವ ಕಿಂಡಿಗಳಿಗೆ, ಅಂದರೆ ಪ್ಲಾಸ್ಮೊಡೆಸ್ಮಾಗಳಿಗೆ, ಕ್ಯಾಲೋಸ್ ಎಂಬ, ಸಕ್ಕರೆಯ ಸರಪಳಿಯಿಂದಾದ ಪದಾರ್ಥ ಮೆತ್ತಿಕೊಳ್ಳುತ್ತದೆ. ವಠಾರದ ಗೋಡೆಕಿಂಡಿಯಲ್ಲಿ ಸಾರು, ಸುದ್ದಿ ಎರಡೂ ದಾಟುತ್ತಿದ್ದವು; ಈಗ ಎಲ್ಲರ ಕಿಂಡಿಗೂ ಗಾರೆ. 'ಬೆಳೆ' ಎಂದು ಯಾರು ಕೂಗಿದರೂ ತುದಿಗೆ ಕೇಳಿಸದು. ಗಾರೆ ಹಾಕಿಸುವ ಮೇಸ್ತ್ರಿ ಆಬ್ಸಿಸಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ಎಂದು 2018ರಲ್ಲಿ ತೋರಿಸಿದವರಲ್ಲಿ ಇದೇ ಊರಿನ ಸಸ್ಯವಿಜ್ಞಾನ ಕೇಂದ್ರದವರಿದ್ದರು. ಅವರ ಹತ್ತಿರ ಏನೇನೋ ಯಂತ್ರಗಳಿವೆ. ನನ್ನ ಹತ್ತಿರ ಮೊಗ್ಗನ್ನು ಸಿಗಿಸಿ ಕೊಯ್ಯಲು ಕ್ಯಾರೆಟ್, ಬ್ಲೇಡು, 365 ನ್ಯಾನೊಮೀಟರಿನ ನೇರಳಾತೀತ ಟಾರ್ಚು.

ಕ್ಯಾಲೋಸನ್ನು ಟಾರ್ಚಿನಡಿ ಹೊಳೆಯಿಸಿ ತೋರಿಸುವ ಬಣ್ಣ ಅನಿಲೀನ್ ಬ್ಲೂ; ಅದರ ಕಥೆ ಬೇರೆಯೇ ಪುರಾಣ. ಅಂಗಡಿಯವನು ಮೊದಲ ಸಲ ಆಲ್ಕೋಹಾಲಿನಲ್ಲಿ ಕರಗುವ ಜಾತಿ ಕಳಿಸಿದ. ಕೇಳಿದರೆ "ಇದು ಇನ್ನೂ ಶುದ್ಧ ಸಾರ್" ಎಂಬ ಉತ್ತರ. ಅಯ್ಯಾ, ಕ್ಯಾಲೋಸಿಗೆ ಅಂಟಿ ಹೊಳೆಯುವುದು ಆ ಬಣ್ಣವೇ ಅಲ್ಲ, ಅದರೊಳಗಿನ ಸಿರೊಫ್ಲೋರ್ ಎಂಬ ಕಲಬೆರಕೆ! ಹಾಲಿಗೆ ನೀರು ಹಾಕಿದವನನ್ನು ಬೈಯುವ ನಾನು, ಕಲಬೆರಕೆಯೇ ಬೇಕು ಅಂತ ಮೂರು ಮೇಲ್ ಬರೆದೆ.

ಇರಲಿ, ತಲೆ ತಿಂದದ್ದು ಅದಲ್ಲ. ಜುಲೈನಲ್ಲಿ ಶಿರಸಿಗೆ ಹೊರಡುವ ಗಡಿಬಿಡಿಯಲ್ಲಿ ಬೆಳೆಯುತ್ತಿದ್ದ ತುದಿಗಳನ್ನು ಕಿತ್ತು ಆಲ್ಕೋಹಾಲಿಗೆ ಹಾಕಿಟ್ಟಿದ್ದೆ. ಅಕ್ಟೋಬರಿನ ಮೊಗ್ಗುಗಳನ್ನು ಮಾತ್ರ ತಾಜಾ ಕೊಯ್ದು ಬಣ್ಣಕ್ಕೆ ಹಾಕಿದೆ. ಜುಲೈಯದು ಕತ್ತಲು, ಅಕ್ಟೋಬರಿನದು ದೀಪಾವಳಿ. ಅದಕ್ಕೇ ಆ ಕುಣಿತ.

ಮನೆಯೊಳಗೆ ಇನ್ನೊಂದು ಸಸಿ ಇದೆ, ದಿನಕ್ಕೆ 23 ಗಂಟೆ ದೀಪ. (ಹೋದ ವರ್ಷ 18 ಗಂಟೆ ಕೊಟ್ಟಿದ್ದೆ, ಈ ಉತ್ತರದ ಮರಕ್ಕೆ 18 ಗಂಟೆ ಅಂದರೂ ಶರತ್ಕಾಲವೇ, ಮೊಗ್ಗು ಕಟ್ಟಿ ಕೂತಿತು.) ಅದಿನ್ನೂ ಎಲೆ ಬಿಡುತ್ತಿದೆ. ಸುಮ್ಮನೆ ಅದರ ತುದಿಯನ್ನೂ ತಾಜಾ ಕೊಯ್ದು ನೋಡಿದೆ. ಅದೂ ಝಗಝಗ!

ಎರಡು ದಿನ ಬಣ್ಣವನ್ನು ಬೈದೆ, ಫಿಲ್ಟರನ್ನು ಬೈದೆ. ತಪ್ಪು ಬ್ಲೇಡಿನದು. ಗಿಡಕ್ಕೆ ಗಾಯವಾದರೆ ಅದು ಕೆಲವೇ ನಿಮಿಷಗಳಲ್ಲಿ ಅಲ್ಲಿ ಕ್ಯಾಲೋಸ್ ಮೆತ್ತುತ್ತದೆ. ನಾನು ಕೊಯ್ಯುತ್ತಿದ್ದೆ, ಅದು ಮುಚ್ಚುತ್ತಿತ್ತು, ನಾನು ಫೋಟೊ ಹೊಡೆದು 'ಸುಪ್ತಾವಸ್ಥೆ' ಎಂದು ಹೆಸರಿಡುತ್ತಿದ್ದೆ. ಜುಲೈ ತುದಿಗಳು ಆಲ್ಕೋಹಾಲಿನಲ್ಲಿ ಮೊದಲೇ ಸತ್ತಿದ್ದವು, ಮುಚ್ಚಲು ಅವಕ್ಕೆ ಪುರಸೊತ್ತೇ ಸಿಕ್ಕಿರಲಿಲ್ಲ.

ಕೊಯ್ಯುವ ಮೊದಲೇ ಕೋಶಗಳನ್ನು ಕೊಂದುಬಿಡೋಣ ಅಂತ ಸೀಸೆಯನ್ನೇ ಮರದ ಬುಡಕ್ಕೆ ಒಯ್ದೆ: ಮೂರು ಪಾಲು ಆಲ್ಕೋಹಾಲು, ಒಂದು ಪಾಲು ಅಸಿಟಿಕ್ ಆಮ್ಲ. ಕಡ್ಡಿಯನ್ನು ಮೊಗ್ಗಿನಿಂದ ಮೂರು ಸೆಂಟಿಮೀಟರ್ ಕೆಳಗೆ ಮುರಿದು ಸೀದಾ ಒಳಗೆ. ಆದರೂ ನಡುಭಾಗ ಹೊಳೆಯಿತು. ಅಂಟಂಟು ಹೊರಪೊರೆ ದಾಟಿ ದ್ರಾವಣ ಒಳಗಿಳಿಯುವಷ್ಟರಲ್ಲಿ ಕೋಶಗಳು ತಮ್ಮ ಕೆಲಸ ಮುಗಿಸಿದ್ದವು ಅಂತ ಕಾಣುತ್ತದೆ. ಮೂರನೇ ಸಲ ಪೊರೆಗಳನ್ನು ದ್ರಾವಣದೊಳಗೇ ಚಿಮುಟದಿಂದ ಬಿಡಿಸಿದೆ, ಮೈನಸ್ ಎರಡು ಡಿಗ್ರಿಯಲ್ಲಿ, ಕೈಗವಸಿಲ್ಲದೆ.

ನಿನ್ನೆ ರಾತ್ರಿ ನೋಡಿದೆ. ದೀಪದ ಸಸಿಯಲ್ಲಿ ಫ್ಲೋಯಮ್ಮಿನ, ಅಂದರೆ ಸಕ್ಕರೆ ಸಾಗಿಸುವ ನಾಳಗಳ, ಜರಡಿತಟ್ಟೆಗಳು ಮಾತ್ರ ಹೊಳೆಯುತ್ತಿವೆ. ಅಲ್ಲಿ ಹೇಗೂ ಕ್ಯಾಲೋಸ್ ಇರುತ್ತದೆ, ಅವು ಹೊಳೆಯಲೇಬೇಕು, ಬಣ್ಣ ಸತ್ತಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹೊರಗಿನ ಮರದ ಮೊಗ್ಗಿನಲ್ಲಿ, ತುದಿಯ ಕೆಳಗಿನ ಪುಟ್ಟ ಪುಟ್ಟ ಕೋಶಗಳ ಗೋಡೆಯುದ್ದಕ್ಕೂ ಎಳ್ಳು ಚೆಲ್ಲಿದ ಹಾಗೆ ಹಳದಿ-ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಕಿಂಡಿಯಲ್ಲ, ಕಿಂಡಿಗಳ ಗುಂಪು. ನನ್ನ ಲೆನ್ಸಿಗೆ ಅಷ್ಟೇ ಯೋಗ್ಯತೆ. ಈ ಸಲ ಕುಣಿಯಲಿಲ್ಲ. ಇನ್ನೂ ಐದು ಮೊಗ್ಗು ಕೊಯ್ದೆ. ಐದರಲ್ಲೂ ಎಳ್ಳು.

ಮಾರ್ಚಿನಲ್ಲಿ ಊರಿಗೆ ಹೋದಾಗ ತೇಗದ ಬೋಳು ಕೊಂಬೆಗೂ ಇದೇ ದ್ರಾವಣ. ಅಲ್ಲಿ ಚಳಿ ಎಲ್ಲಿಂದ ಬರಬೇಕು, ಬರೀ ಒಣಹವೆ. ಅದೂ ಕಿಂಡಿಗೆ ಗಾರೆ ಹಾಕುತ್ತದಾ? ಅಲ್ಲಿ ತುಂಬಿಸಿದ ಸೀಸೆಯನ್ನು ವಿಮಾನದಲ್ಲಿ ಇಲ್ಲಿಗೆ ತರಲು ಬಿಡುವುದಿಲ್ಲ, ಹಾಗಾಗಿ ಸೂಕ್ಷ್ಮದರ್ಶಕವನ್ನೇ ಹೊರಬೇಕು.

ಅದಕ್ಕೆ ಮೊದಲು ಆಸ್ಪೆನ್ನಿನ ಗಾರೆ ಬಿಚ್ಚುವುದನ್ನು ನೋಡಬೇಕು. ಚಳಿ ಸಾಕಷ್ಟು ತಿಂದ ಮೇಲೆ ಗ್ಲುಕನೇಸ್ ಕಿಣ್ವ ಕ್ಯಾಲೋಸನ್ನು ಕರಗಿಸುತ್ತದೆ. ಹನ್ನೆರಡು ಕಡ್ಡಿ ಫ್ರಿಜ್ಜಿನಲ್ಲಿ ಇಡ್ಲಿಹಿಟ್ಟಿನ ಪಕ್ಕ ಮಲಗಿವೆ, ಎಂಟು ವಾರ. ಕವರಿನ ಮೇಲೆ "ನುಗ್ಗೆಕಾಯಿ ಅಲ್ಲ" ಎಂದು ಬರೆದಿದ್ದೇನೆ.