ಆನ್‌ಲೈನ್ ವಜ್ರ: ಕಟ್ ಅಳೆಯುವ ಬಗೆ

ದುಂಡು ಬ್ರಿಲಿಯಂಟ್ ವಜ್ರದ ಜಿಐಎ (ವಜ್ರ ಪರೀಕ್ಷಿಸಿ ದರ್ಜೆ ನೀಡುವ ಸಂಸ್ಥೆ) ವರದಿಯಲ್ಲಿ ಕಟ್‌ಗೆ, ಅಂದರೆ ಕಲ್ಲನ್ನು ಕತ್ತರಿಸಿದ ರೀತಿಗೆ, ‘ಎಕ್ಸಲೆಂಟ್’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಆ ದರ್ಜೆಯೊಳಗೆ ಸಾಧಾರಣ ಕಲ್ಲುಗಳೂ ಸೇರುತ್ತವೆ. ವರದಿಯಲ್ಲಿರುವ ವಜ್ರದ ಪಕ್ಕನೋಟದ ಚಿತ್ರದಲ್ಲಿ ಅಂಕಿಗಳಿರುತ್ತವೆ, ಅವನ್ನು ಓದಿ. ಟೇಬಲ್ (ಮೇಲಿನ ಚಪ್ಪಟೆ ಮುಖ) ವ್ಯಾಸದ 54ರಿಂದ 58%, ಒಟ್ಟು ಆಳ ವ್ಯಾಸದ 60ರಿಂದ 62.5%, ಕ್ರೌನ್ (ಮೇಲ್ಭಾಗ) ಕೋನ 34ರಿಂದ 35 ಡಿಗ್ರಿ, ಪೆವಿಲಿಯನ್ (ಕೆಳಭಾಗ) ಕೋನ 40.6ರಿಂದ 41 ಡಿಗ್ರಿ ಇದ್ದರೆ ನೆಮ್ಮದಿ.

ನನ್ನ ಮಟ್ಟಿಗೆ ಪೆವಿಲಿಯನ್ನೇ ಎಲ್ಲಕ್ಕಿಂತ ಮುಖ್ಯ. ಅದು ತೀರಾ ಆಳವಾದರೆ ನಡುಭಾಗ ಕಪ್ಪಗೆ ಕಾಣುತ್ತದೆ. ತೀರಾ ಚಪ್ಪಟೆಯಾದರೆ ಟೇಬಲ್ಲಿನೊಳಗೆ ಗರ್ಡಲ್ (ಮೇಲ್ಭಾಗ, ಕೆಳಭಾಗಗಳು ಸೇರುವ ಅಂಚು) ಪ್ರತಿಫಲಿಸಿ ಮೀನಿನ ಕಣ್ಣಿನಂಥ ಮಸುಕು ಉಂಗುರ ಮೂಡುತ್ತದೆ. ಕ್ರೌನ್ 35 ಇದ್ದರೆ ಪೆವಿಲಿಯನ್ 40.6ರ ಹತ್ತಿರ, 34 ಇದ್ದರೆ 41ರ ಹತ್ತಿರ ಇರಲಿ. ಎರಡೂ ಕಡಿದಾಗಿದ್ದರೆ ಬೆಳಕು ತಳದಿಂದ ಸೋರುತ್ತದೆ, ಬಿಟ್ಟುಬಿಡಿ.

ವ್ಯಾಸವನ್ನೂ ನೋಡಿ: 1 ಕ್ಯಾರಟ್‌ಗೆ ಸುಮಾರು 6.4 ಮಿ.ಮೀ. ಬರಬೇಕು. 6.1 ಇದ್ದರೆ ತೂಕವೆಲ್ಲ ಆಳದಲ್ಲೋ ದಪ್ಪ ಗರ್ಡಲ್‌ನಲ್ಲೋ ಅಡಗಿದೆ, ಕಣ್ಣಿಗೆ ಕಾಣದ ಆ ತೂಕಕ್ಕೂ ದುಡ್ಡು ಕೊಡುತ್ತೀರಿ.

ವಿಡಿಯೊದ ಪ್ರಖರ ದೀಪದಲ್ಲಿ ಎಂಥ ಕಲ್ಲೂ ಮಿನುಗುತ್ತದೆ. ಅಂಗಡಿಯವರಿಂದ ಎಸೆಟ್ ಚಿತ್ರ (ಕಲ್ಲು ಯಾವ ದಿಕ್ಕಿನ ಬೆಳಕನ್ನು ಮರಳಿಸುತ್ತದೆ ಎಂದು ಬಣ್ಣಗಳಲ್ಲಿ ತೋರಿಸುವ ಚಿತ್ರ) ಕೇಳಿ ಪಡೆಯಿರಿ. ಅದರಲ್ಲಿ ಕೆಂಪು ಬಣ್ಣವೇ ಹೆಚ್ಚಿರಬೇಕು. ಓವಲ್, ಪ್ರಿನ್ಸೆಸ್ ಆಕಾರಗಳಿಗೆ ಈ ಅಂಕಿಗಳು ಹೊಂದುವುದಿಲ್ಲ.