ಬಂಡೆಯೂ ಕಿತ್ತಳೆ, ಮುಖವೂ ಕಿತ್ತಳೆ

16 ನವೆಂಬರ್ 2025, ಭಾನುವಾರ
ನವನಗರ, ಬಾಗಲಕೋಟೆ

ಬಾದಾಮಿಯಲ್ಲಿ ಫೋಟೊ ತೆಗೆದವರಿಗೆಲ್ಲ ಈ ತೊಂದರೆ ಗೊತ್ತಿರುತ್ತದೆ. ಅಲ್ಲಿನ ಬಂಡೆ ಕಿತ್ತಳೆ. ಮನುಷ್ಯರ ಮೈಬಣ್ಣವೂ ಕಂಪ್ಯೂಟರ್ ಲೆಕ್ಕದಲ್ಲಿ ಕಿತ್ತಳೆಯೇ. ಬರಿಗಣ್ಣಿಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನ ಎಚ್‌ಎಸ್‌ಎಲ್ (ಹ್ಯೂ ಅಂದರೆ ಬಣ್ಣ, ಸ್ಯಾಚುರೇಶನ್ ಅಂದರೆ ಬಣ್ಣದ ಗಾಢತೆ, ಲ್ಯೂಮಿನನ್ಸ್ ಅಂದರೆ ಬೆಳಕು) ಪ್ಯಾನೆಲ್‌ನಲ್ಲಿ ಆರೆಂಜ್ ಸ್ಲೈಡರ್ ಹಿಡಿದು ಸ್ವಲ್ಪ ಎಳೆದು ನೋಡಿ, ಗುಡ್ಡದ ಜೊತೆಗೆ ಅದರ ಮುಂದೆ ನಿಂತವರ ಮುಖವೂ ಬದಲಾಗುತ್ತಾ ಹೋಗುತ್ತದೆ. ಗುಡ್ಡ ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ ಮುಖಕ್ಕೆ ಕಾಮಾಲೆ ಬಂದಿರುತ್ತದೆ.

ಇವತ್ತು ಬೆಳಿಗ್ಗೆಯಿಂದ ಅಂಥದ್ದೇ ಒಂದು ಫೋಟೊ ಹಿಡಿದು ಕೂತಿದ್ದೇನೆ. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲ ಮೇಲೆ ನಮ್ಮ ಕಾಕಾನ ಮಗಳು ನಿಂತಿದ್ದಾಳೆ. ಹಿಂದೆ ಮರಳುಗಲ್ಲಿನ ಗುಡ್ಡ, ಪಕ್ಕದಲ್ಲಿ ಪಾಚಿ ಬಣ್ಣದ ನೀರು, ಮೇಲೆ ಒಂದು ತುಂಡು ಆಕಾಶ. ಉಟ್ಟಿದ್ದು ಇಳಕಲ್ ಸೀರೆ. ಒಡಲು ಕಡು ಹಸಿರು, ಸೆರಗು ಕೆಂಪು, ಕೆಂಪಿನೊಳಗೆ ಬಿಳಿ ತೆನೆ. ಅಂದರೆ ಒಂದೇ ಚೌಕಟ್ಟಿನಲ್ಲಿ ಕೆಂಪು, ಕಿತ್ತಳೆ, ಎರಡು ಥರದ ಹಸಿರು, ನೀಲಿ, ಎಲ್ಲವೂ ನಾ ಮುಂದು ತಾ ಮುಂದು ಅಂತ ನುಗ್ಗುತ್ತಿವೆ. ಸುಮ್ನೆ ಸ್ವಲ್ಪ ಬೆಳಕು ಸರಿ ಮಾಡಿ ಅವಳಿಗೆ ಕಳಿಸಿದ್ದೆ. ಬಂದ ಉತ್ತರ: "ಅಣ್ಣಾ, ಸೀರಿ ಚಲೋ ಬಂದೈತಿ, ಗುಡ್ಡಾನೂ ಚಲೋ ಬಂದೈತಿ. ನಾ ಎಲ್ಲಿ ಅದೀನಿ?"

ಸರಿಯಾದ ಪ್ರಶ್ನೆ. ಅದಕ್ಕೇ ಇವತ್ತು ಬಣ್ಣದ ಪಾಠಕ್ಕೆ ಕೂತೆ.

ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಮಾಡುವುದು. ಇದನ್ನು ಸರಿ ಮಾಡದೆ ಗ್ರೇಡಿಂಗ್‌ಗೆ (ನೆರಳು ಬೆಳಕಿಗೆ ಬಣ್ಣ ಹಚ್ಚುವುದಕ್ಕೆ) ಹೋದರೆ ಮುಂದೆ ಮಾಡುವುದೆಲ್ಲ ನೀರಲ್ಲಿ ಹೋಮ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಾದಷ್ಟೂ ಬೆಳಕು ನೀಲಿ. ಬಿಸಿಲಿನ ಬೆಳಕು ಸುಮಾರು 5500 ಕೆಲ್ವಿನ್, ನೆರಳಿನದು 7000 ದಾಟುತ್ತದೆ, ಹಳೆಯ ಬಲ್ಬಿನದು 3000ದ ಆಸುಪಾಸು. ನಮ್ಮ ಫೋಟೊದಲ್ಲಿ ಹುಡುಗಿ ನಿಂತಿರುವುದು ನೆರಳಲ್ಲಿ, ಆದರೆ ಎದುರಿನ ಬಂಡೆಗೆ ಬಿದ್ದ ಬಿಸಿಲು ಪುಟಿದು ಬಂದು ಕೆನ್ನೆಯ ಒಂದು ಕಡೆಯನ್ನು ಕಿತ್ತಳೆ ಮಾಡಿದೆ. ಒಂದೇ ಮುಖದಲ್ಲಿ ಎರಡು ಬೆಳಕು. ಬಿಳಿ ಇದ್ದ ಕಡೆ ಐಡ್ರಾಪರ್ (ಬಣ್ಣ ಆರಿಸುವ ಉಪಕರಣ) ಒತ್ತಿದರೆ ಆಯಿತು ಅಂತ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಮೂಲೆಯಲ್ಲಿ ಧೋತರ ಉಟ್ಟ ಒಬ್ಬ ಅಜ್ಜ ಹಾದು ಹೋಗುತ್ತಿದ್ದ, ಅದರ ಮೇಲೆ ಒತ್ತಿದೆ. ಇಡೀ ಫೋಟೊ ಹಳದಿ. ಕಾರಣ ಬಹಳ ಸರಳ. ನಮ್ಮ ಕಡೆ ಬಿಳಿ ಬಟ್ಟೆಗೆ ನೀಲಿ ಹಾಕಿ ಹಿಂಡುತ್ತಾರೆ. ಕಣ್ಣಿಗೆ ಅಚ್ಚ ಬಿಳಿ ಕಾಣುವ ಧೋತರದಲ್ಲಿ ನಿಜಕ್ಕೂ ನೀಲಿ ಇದೆ. ಸಾಫ್ಟ್‌ವೇರ್ ಆ ನೀಲಿಯನ್ನು ಕಳೆಯಲು ಅಷ್ಟೇ ಹಳದಿ ಸೇರಿಸುತ್ತದೆ. ಈಗಿನ ಸೋಪಿನ ಪುಡಿಗಳಲ್ಲೂ ಬಟ್ಟೆ ಹೊಳೆಯಲಿ ಅಂತ ಹಾಕಿರುವ ಪದಾರ್ಥ ಬಿಸಿಲಿನ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕಾಗಿ ವಾಪಸ್ ಬಿಡುತ್ತದೆ, ಆದ್ದರಿಂದ ಒಗೆದ ಬಿಳಿ ಬಟ್ಟೆಯನ್ನು ನಂಬುವ ಹಾಗೇ ಇಲ್ಲ. ಕೊನೆಗೆ ಮೆಟ್ಟಿಲಿನ ಮೇಲೆ ಬಿದ್ದ ಬೂದು ಬಣ್ಣದ ಸಿಮೆಂಟಿನ ಕಲೆ ಕೆಲಸಕ್ಕೆ ಬಂತು. ಇದಕ್ಕೆಂದೇ ಸಿಗುವ ಬೂದು ಬಣ್ಣದ ಗ್ರೇ ಕಾರ್ಡ್ ಒಯ್ದಿದ್ದರೆ ಇಷ್ಟು ತಲೆನೋವು ಇರಲಿಲ್ಲ, ಇರಲಿ.

ಇನ್ನು ಬಣ್ಣದ ಚಕ್ರ. ಬಣ್ಣಗಳನ್ನು ಸಾಲಾಗಿ ಇಡದೆ ದುಂಡಗೆ ಜೋಡಿಸಿ 1704ರಲ್ಲಿ ಅಚ್ಚು ಹಾಕಿಸಿದವನು ನ್ಯೂಟನ್. ಅಲ್ಲಿಂದ ಮುಂದೆ ಎಷ್ಟೋ ಚಕ್ರಗಳು ಬಂದವು. ಕಲಿಯುವವರ ತಲೆ ಕೆಡಿಸುವ ವಿಷಯ ಏನೆಂದರೆ, ಶಾಲೆಯಲ್ಲಿ ಡ್ರಾಯಿಂಗ್ ಸರ್ ತೋರಿಸಿದ ಚಕ್ರದಲ್ಲಿ ಕೆಂಪಿನ ಎದುರು ಹಸಿರು. ಅದು ಪೇಂಟಿನ ಚಕ್ರ, ಕೆಂಪು ಹಳದಿ ನೀಲಿ ಅದರ ಮೂಲ. ಪರದೆಯದು ಬೆಳಕಿನ ಚಕ್ರ, ಮೂಲ ಕೆಂಪು ಹಸಿರು ನೀಲಿ, ಅಲ್ಲಿ ಕೆಂಪಿನ ಎದುರು ಸಯಾನ್, ಅಂದರೆ ಹಸಿರುನೀಲಿ. ಡಿಗ್ರಿಯಲ್ಲಿ ಹೇಳುವುದಾದರೆ ಕೆಂಪು 0, ಹಳದಿ 60, ಹಸಿರು 120, ಸಯಾನ್ 180, ನೀಲಿ 240, ಮಜೆಂಟಾ 300. ಯಾವ ಬಣ್ಣದ ಎದುರಾಳಿ ಬೇಕೋ ಅದಕ್ಕೆ 180 ಕೂಡಿಸಿದರೆ ಸಿಕ್ಕಿತು. ಲೈಟ್‌ರೂಮ್‌ನ ಗ್ರೇಡಿಂಗ್ ಚಕ್ರ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಹಾಗಾದರೆ ಹಳೆಯ ಚಕ್ರ ಸುಳ್ಳಾ? ಸುಳ್ಳೇನಲ್ಲ. ಸೀರೆ ಬಟ್ಟೆ ಆರಿಸುವಾಗ, ಗೋಡೆಗೆ ಬಣ್ಣ ಹೊಡೆಸುವಾಗ ನನ್ನ ಕಣ್ಣು ಈಗಲೂ ಅದನ್ನೇ ಒಪ್ಪುತ್ತದೆ. ಹಸಿರು ಒಡಲಿಗೆ ಕೆಂಪು ಸೆರಗು ಚಂದ ಅಲ್ವಾ? ಡಾರ್ಕ್‌ಟೇಬಲ್ ಅನ್ನೋ ಉಚಿತ ಸಾಫ್ಟ್‌ವೇರ್ ಮಾಡಿದವರಿಗೂ ಇದು ಗೊತ್ತು ಅನ್ನಿಸುತ್ತದೆ, ಅದರ ವೆಕ್ಟರ್‌ಸ್ಕೋಪನ್ನು (ಫೋಟೊದ ಬಣ್ಣಗಳು ಚಕ್ರದಲ್ಲಿ ಎಲ್ಲಿ ಬೀಳುತ್ತವೆ ಅಂತ ತೋರಿಸುವ ನಕ್ಷೆಯನ್ನು) ಪೇಂಟಿನ ಚಕ್ರಕ್ಕೂ ಬದಲಿಸಿಕೊಳ್ಳಬಹುದು, ಅದರ ಮೇಲೆ ಹಾರ್ಮನಿ (ಬಣ್ಣಗಳ ಹೊಂದಾಣಿಕೆ) ಗೆರೆಗಳನ್ನೂ ಹಾಕಿ ನೋಡಬಹುದು. ತಿಂಗಳು ತಿಂಗಳು ದುಡ್ಡು ಕಟ್ಟಲಾಗದವರು ಧಾರಾಳವಾಗಿ ಇದರಲ್ಲೇ ಕಲಿಯಬಹುದು.

ಎದುರು ಬಣ್ಣ, ಅಕ್ಕಪಕ್ಕದ ಬಣ್ಣ, ತ್ರಿಕೋನ, ಹೀಗೆ ಹಾರ್ಮನಿಗೆ ಹತ್ತಾರು ಹೆಸರು. ನನಗಂತೂ ಈ ಹೆಸರುಗಳು ಫೋಟೊ ಚಂದ ಬಂದ ಮೇಲೆ ಹಚ್ಚುವ ಲೇಬಲ್ ಅನ್ನಿಸುತ್ತದೆ. ಕೆಲಸಕ್ಕೆ ಬರುವುದು ಯಾವ ಬಣ್ಣ ಎಷ್ಟು ಜಾಗ ತಿಂದಿದೆ ಅನ್ನುವುದು. ಕೆಂಪೂ ಹಸಿರೂ ಸರಿಪಾಲು ಇದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ಒಂದು ಹಿರಿದಾಗಿ ಹರಡಿ, ಇನ್ನೊಂದು ಅಷ್ಟೇ ಅಷ್ಟು ಇಣುಕಿದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಈಗ ಎಲ್ಲರೂ ಹಾಕುವ ಟೀಲ್ ಆರೆಂಜ್ (ಹಸಿರುನೀಲಿ, ಕಿತ್ತಳೆ) ಪ್ರಿಸೆಟ್, ಅಂದರೆ ಸಿದ್ಧ ಸೆಟ್ಟಿಂಗ್, ಹಾಕಿ ನೋಡಿದೆ. ಅದರ ಹಿಂದಿನ ಲೆಕ್ಕ ಒಪ್ಪುವಂಥದ್ದೇ. ಮೈಬಣ್ಣ ಕಿತ್ತಳೆ ಕಡೆಯದು, ಅದರ ಎದುರು ನೀಲಿ, ನೆರಳಿಗೆಲ್ಲ ನೀಲಿ ತುಂಬಿದರೆ ಮುಖ ಎದ್ದು ಬರುತ್ತದೆ. ಪರದೇಶದ ಡಾಂಬರು ರಸ್ತೆ, ಸಮುದ್ರ, ಕಾಂಕ್ರೀಟ್ ಕಟ್ಟಡದ ಮುಂದೆ ಇದು ಸರಿ. ವಿಜಯಪುರದ ಗೋಳಗುಮ್ಮಟದ ಬೂದು ಬಣ್ಣದ ಕಲ್ಲಿನ ಮುಂದೆಯೂ ನಡೆಯುತ್ತದೆ, ನಾನೇ ಮಾಡಿದ್ದೇನೆ, ಚಲೋ ಬಂದಿತ್ತು. ಬಾದಾಮಿಯಲ್ಲಿ ಹಿನ್ನೆಲೆಯೇ ಕಿತ್ತಳೆ. ಪ್ರಿಸೆಟ್ ಗುಡ್ಡವನ್ನೂ ಮುಖವನ್ನೂ ಒಟ್ಟಿಗೇ ಎತ್ತಿ ಹಿಡಿಯಿತು, ತಂಗಿ ಬಂಡೆಯೊಳಗೆ ಕೆತ್ತಿದ ಮೂರ್ತಿಯ ಹಾಗೆ ಕಂಡಳು. ಊರಿನ ಕಲ್ಲು ನೋಡದೆ ಮಾಡಿದ ಪ್ರಿಸೆಟ್ಟನ್ನು ಎಲ್ಲ ಊರಿಗೂ ಮಾರುವವರ ಮೇಲೆ ನನಗೆ ಅಷ್ಟಾಗಿ ಗೌರವ ಇಲ್ಲ.

ಇಲ್ಲಿ ಒಬ್ಬ ಫ್ರೆಂಚ್ ಮುದುಕನ ವಿಷಯ ಹೇಳಲೇಬೇಕು. ಮಿಶೆಲ್ ಷೆವ್ರಲ್. ಕೆಮಿಸ್ಟ್ರಿ ಬಲ್ಲವನು, 1824ರಲ್ಲಿ ಪ್ಯಾರಿಸ್ಸಿನ ಗೋಬ್ಲೆ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥನಾದ. ಅಲ್ಲಿ ಒಂದು ದೂರು ಇತ್ತು. ಕಪ್ಪು ನೂಲಿಗೆ ಬಣ್ಣ ಸರಿ ಹಿಡಿದಿಲ್ಲ, ನೀಲಿ ನೇರಳೆ ಜೊತೆ ನೇಯ್ದಾಗ ಕಪ್ಪು ಕಳೆಗುಂದುತ್ತದೆ ಅಂತ. ಇವನು ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದ. ಬಣ್ಣದಲ್ಲಿ ಏನೂ ದೋಷ ಇರಲಿಲ್ಲ. ಪಕ್ಕದ ನೀಲಿ ನೂಲು ಕಪ್ಪಿನ ಮೇಲೆ ತನ್ನ ಎದುರು ಬಣ್ಣದ ಛಾಯೆಯನ್ನು ಕಣ್ಣಿಗೆ ಕಾಣಿಸುತ್ತಿತ್ತು, ಅದಕ್ಕೇ ಕಪ್ಪು ಮಾಸಿದ ಹಾಗೆ ತೋರುತ್ತಿತ್ತು. 1839ರಲ್ಲಿ ಇದನ್ನೆಲ್ಲ ದೊಡ್ಡ ಪುಸ್ತಕ ಮಾಡಿ ಬರೆದ. ಹುಟ್ಟಿದ್ದು 1786, ಸತ್ತದ್ದು 1889, ಅಂದರೆ ನೂರು ದಾಟಿ ಬದುಕಿದ ಪುಣ್ಯಾತ್ಮ.

ಇದನ್ನು ಓದಿದಾಗ ನನಗೆ ಹೊಸದು ಅನ್ನಿಸಲಿಲ್ಲ. ಇಳಕಲ್ಲಿನಲ್ಲಿ ನಮಗೆ ದೂರದ ಸಂಬಂಧ ಆಗಬೇಕಾದ ಒಬ್ಬ ಕಾಕಾ ಮಗ್ಗ ನಡೆಸುತ್ತಾರೆ. ಆನ್‌ಲೈನ್ ಮಾರಾಟಕ್ಕೆ ಅವರ ಸೀರೆಗಳ ಫೋಟೊ ತೆಗೆಯಲು ಹೋದಾಗ, ಎರಡು ಸೀರೆಯ ಸೆರಗಿನ ಕೆಂಪು ಬೇರೆ ಬೇರೆ ಕಾಣುತ್ತಿದೆ, ನೂಲು ಬೇರೆನಾ ಅಂತ ಕೇಳಿದ್ದೆ. ಒಂದರ ಒಡಲು ಗಿಳಿ ಹಸಿರು, ಇನ್ನೊಂದರದು ದಾಳಿಂಬೆ ಬಣ್ಣ. ಕಾಕಾ ಎರಡೂ ಸೆರಗಿನ ತುದಿ ಹಿಡಿದು, ಒಡಲು ಮುಚ್ಚುವ ಹಾಗೆ ಮಡಚಿ, ಒಂದರ ಮೇಲೊಂದು ಇಟ್ಟು ತೋರಿಸಿದರು. ಒಂದೇ ಕೆಂಪು. "ಸೆರಗಿನ ನೂಲು ಒಂದ ಐತಿ ತಮ್ಮಾ. ಬಾಜೂದಾಕಿ ಯಾರ ಅದಾಳ ಅದರ ಮ್ಯಾಲ ಅದರ ಬಣ್ಣ" ಅಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಯಾವ ಬಣ್ಣವೇ ಇರಲಿ, ಟೋಪ್ ತೆನೆ ಅನ್ನುವ ಈ ಬಿಳಿ ತೆನೆಯ ಸೆರಗು ಕೆಂಪು. ಹೀಗಾಗಿ ಅಕ್ಕಪಕ್ಕದ ಬಣ್ಣದ ಆಟ ಆ ಮಗ್ಗದವರಿಗೆ ದಿನಾ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ಗುಳೇದಗುಡ್ಡದ ಖಣದಲ್ಲೂ ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ನೂಲು) ಇನ್ನೊಂದು ಬಣ್ಣ ಹಾಕಿದ್ದನ್ನು ಕೈಯಲ್ಲಿ ಹಿಡಿದು ಓರೆ ಮಾಡಿ ನೋಡಿ, ಬಣ್ಣ ಬದಲಾಗುತ್ತದೆ.

ಕಾಕಾನ ಮಾತನ್ನೇ ಇವತ್ತಿನ ಫೋಟೊಕ್ಕೆ ಹಚ್ಚಿದೆ. ಮುಖ ಎದ್ದು ಕಾಣಬೇಕು ಅಂದರೆ ಮುಖವನ್ನು ಮುಟ್ಟಬಾರದು, ಅದರ ಬಾಜೂದವರನ್ನು ಹಿಡಿಯಬೇಕು.

ಗುಡ್ಡಕ್ಕೊಂದು ಮಾಸ್ಕ್ (ಅಷ್ಟೇ ಭಾಗವನ್ನು ತಿದ್ದಲು ಗುರುತು) ಹಾಕಿದೆ, ಅದರಿಂದ ಮುಖ ಕೈಗಳ ಚರ್ಮವನ್ನು ಕಳೆದೆ. ಬಂಡೆಯ ಹ್ಯೂ ಕೆಂಪಿನ ಕಡೆಗೆ ಒಂಚೂರು ಸರಿಸಿದೆ, ಬೆಳಕು ಇಳಿಸಿದೆ, ಸ್ಯಾಚುರೇಶನ್ ಕಮ್ಮಿ ಮಾಡಿದೆ. ಅಷ್ಟಕ್ಕೇ ಕೆನ್ನೆಯಲ್ಲಿ ಜೀವ ಬಂತು, ಕೆನ್ನೆಯ ಒಂದು ಪಿಕ್ಸೆಲ್ಲನ್ನೂ ನಾನು ಮುಟ್ಟಿರಲಿಲ್ಲ. ಆಮೇಲೆ ನೀರು. ಅದರ ಹಸಿರು ತೆಗೆಯಲು ಗ್ರೀನ್ ಸ್ಲೈಡರ್ ಎಳೆದರೆ ಸೀರೆ ಬದಲಾಗುತ್ತದೆ, ನೀರು ಜಗ್ಗುವುದಿಲ್ಲ. ಯಾಕೆಂದರೆ ಹುಲ್ಲು, ಎಲೆ, ಪಾಚಿ ಇವೆಲ್ಲ ನಮ್ಮ ಕಣ್ಣಿಗೆ ಹಸಿರಾದರೂ ಹೆಚ್ಚಿನ ಪಾಲು ಯೆಲ್ಲೊ ಸ್ಲೈಡರ್‌ನ ವಶದಲ್ಲಿರುತ್ತವೆ. ಹಳದಿಯ ಸ್ಯಾಚುರೇಶನ್ ಇಳಿಸಿದೆ, ನೀರು ಮಂಕಾಯಿತು, ಸೀರೆಯ ಹಸಿರು ತಾನಾಗಿಯೇ ಮುಂದೆ ಬಂತು.

ಸೆರಗಿನ ಕೆಂಪಿನಲ್ಲಿ ಬೇರೆಯದೇ ಕಥೆ. ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿದರೆ ಬಿಳಿ ತೆನೆಯ ಹಲ್ಲುಗಳ ಸುತ್ತ ಕೆಂಪು ಸವರಿದ ಹಾಗೆ ಕಾಣುತ್ತಿತ್ತು, ನೇಯ್ಗೆಯ ಎಳೆ ಕಾಣುತ್ತಲೇ ಇರಲಿಲ್ಲ. ಮೊದಲು ಫೋಕಸ್ ತಪ್ಪಿರಬೇಕು ಅನ್ನಿಸಿತು, ಆದರೆ ಪಕ್ಕದ ಹಸಿರಿನಲ್ಲಿ ಎಳೆ ಎಳೆಯೂ ಸ್ಪಷ್ಟ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್‌ನಲ್ಲಿ, ಕೆಂಪು ಹಸಿರು ನೀಲಿ ಈ ಮೂರು ಚಾನೆಲ್‌ಗಳ ಪೈಕಿ ಕೆಂಪು ಚಾನೆಲ್ ಮಾತ್ರ ಬಲಗೋಡೆಗೆ ಹೋಗಿ ಬಡಿದಿತ್ತು. ಒಟ್ಟು ಬೆಳಕು ಸರಿಯಾಗಿದ್ದರೂ ಒಂದೇ ಚಾನೆಲ್ ತುಂಬಿ ತುಳುಕುತ್ತದೆ, ಕಡು ಕೆಂಪು ಬಟ್ಟೆಯಲ್ಲಿ ಇದು ಜಾಸ್ತಿ. ಸೆರಗಿಗಷ್ಟೇ ಮಾಸ್ಕ್ ಹಾಕಿ ಎಕ್ಸ್‌ಪೋಶರ್ ಮತ್ತು ಸ್ಯಾಚುರೇಶನ್ ಎರಡನ್ನೂ ಇಳಿಸಿದಾಗ ಎಳೆಗಳು ಒಂದೊಂದಾಗಿ ವಾಪಸ್ ಬಂದವು, ತೆನೆಯ ಹಲ್ಲು ಚೂಪಾಯಿತು. ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ರಾ ಫೈಲ್ ಇದ್ದದ್ದಕ್ಕೆ ಇದು ಆಯಿತು. ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ 256 ಮೆಟ್ಟಿಲು ಮಾತ್ರ, 14 ಬಿಟ್ ರಾದಲ್ಲಿ 16,384. ಕಳೆದದ್ದನ್ನು ಹುಡುಕಲು ಜಾಗ ಬೇಕಲ್ಲ.

ಗ್ರೇಡಿಂಗ್ ಚಕ್ರಗಳಿಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ, ಅಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. 2020ರ ತನಕ ಲೈಟ್‌ರೂಮ್‌ನಲ್ಲಿ ಸ್ಪ್ಲಿಟ್ ಟೋನಿಂಗ್ ಅಂತ ಇತ್ತು, ನೆರಳಿಗೊಂದು ಬಣ್ಣ, ಬೆಳಕಿಗೊಂದು ಬಣ್ಣ. ಈಗ ನಡುವಿನದಕ್ಕೂ ಒಂದು ಚಕ್ರ ಇದೆ. ನೆರಳಿಗೆ 210 ಡಿಗ್ರಿ (ನೀಲಿ), ಬೆಳಕಿಗೆ 40ರ (ಕಿತ್ತಳೆ) ಹತ್ತಿರ ಇಟ್ಟೆ, ಸ್ಯಾಚುರೇಶನ್ ಹತ್ತರ ಒಳಗೇ. ನಡುವಿನ ಚಕ್ರ ಮುಟ್ಟಲಿಲ್ಲ, ಮುಖದ ಬಣ್ಣ ಇರುವುದು ಹೆಚ್ಚಾಗಿ ಅಲ್ಲೇ. ಇನ್ನೂ ಜಾಸ್ತಿ ಮಾಡಿದರೆ ನೋಡುವವರಿಗೆ ಫೋಟೊಕ್ಕಿಂತ ಮೊದಲು ಎಡಿಟಿಂಗ್ ಕಾಣುತ್ತದೆ.

ವೆಕ್ಟರ್‌ಸ್ಕೋಪ್ ಬಗ್ಗೆ ಇನ್ನೊಂದು ಮಾತು. ವಿಡಿಯೊ ಎಡಿಟಿಂಗ್ ಮಾಡುವವರ ವೆಕ್ಟರ್‌ಸ್ಕೋಪ್‌ನಲ್ಲಿ ಕೆಂಪು ಹಳದಿ ನಡುವೆ ಮೈಬಣ್ಣದ ಗೆರೆ ಅಂತ ಒಂದಿರುತ್ತದೆ. ಕಪ್ಪಗಿರಲಿ ಬೆಳ್ಳಗಿರಲಿ, ಎಲ್ಲರ ಚರ್ಮವೂ ಹೆಚ್ಚುಕಡಿಮೆ ಅದೇ ಗೆರೆಯ ಅಕ್ಕಪಕ್ಕ ಬೀಳುತ್ತದೆ. ಒಳಗಿರುವ ರಕ್ತ, ಮೆಲನಿನ್ ಎಲ್ಲರದೂ ಒಂದೇ, ಬದಲಾಗುವುದು ಹೆಚ್ಚಾಗಿ ಬೆಳಕಿನ ಮಟ್ಟ. ಮದುವೆ ಆಲ್ಬಮ್ ಮಾಡಿಸಲು ಬಂದವರು "ಹುಡುಗೀನ ಸ್ವಲ್ಪ ಬೆಳ್ಳಗ ಮಾಡ್ರಿ" ಅಂತಾರಲ್ಲ, ಆಗ ಆರೆಂಜ್ ಲ್ಯೂಮಿನನ್ಸ್ ಎತ್ತುವುದು ನಮ್ಮ ಕಸುಬಿನ ದೊಡ್ಡ ಪಿಡುಗು. ಮೂಗಿನ ನೆರಳು, ಗಲ್ಲದ ಕೆಳಗಿನ ನೆರಳು ಹೋಗಿ ಮುಖ ಚಪ್ಪಟೆ ಹಿಟ್ಟಾಗುತ್ತದೆ, ಅರಿಶಿನ ಹಚ್ಚಿದ ಕೆನ್ನೆ ಸುಣ್ಣವಾಗುತ್ತದೆ. ಈಚೆಗೆ ನಾನು ಹಿಂದಿನ ಮಂಟಪದ ಬಟ್ಟೆಯನ್ನೇ ಸ್ವಲ್ಪ ಕಡು ಮಾಡಿ ತೋರಿಸುತ್ತೇನೆ. "ಹಾಂ, ಈಗ ಛಲೋ ಆತು ನೋಡ್ರಿ" ಅಂತಾರೆ. ಮುಖ ಇದ್ದ ಹಾಗೇ ಇರುತ್ತದೆ.

ಸಂಜೆ ಏಳರ ಮೇಲೆ ಕೆಲಸ ನಿಲ್ಲಿಸಿದೆ. ಲ್ಯಾಪ್‌ಟಾಪಿನ ನೈಟ್ ಲೈಟ್ ತಾನಾಗಿಯೇ ಆನ್ ಆಗಿ ಪರದೆ ಹಳದಿಯಾಗುತ್ತದೆ, ಅದರಲ್ಲಿ ಬಣ್ಣ ನೋಡುವುದು ದಂಡ. ಕೋಣೆಯ ಗೋಡೆ ಬೇರೆ ಗುಲಾಬಿ, ಷೆವ್ರಲ್ ಹೇಳಿದ ಆಟ ಗೋಡೆಯೂ ಆಡುತ್ತದೆ. ಎಡಿಟ್ ಮಾಡುವಾಗ ಸುತ್ತ ಬೂದು ಬಣ್ಣ ಇಟ್ಟುಕೊಂಡರೆ ಒಳ್ಳೆಯದು, ಲೈಟ್‌ರೂಮ್‌ನ ಹಿನ್ನೆಲೆ ಬೂದು ಇರುವುದೂ ಇದಕ್ಕೇ ಇರಬೇಕು. ಫೋನು, ವೆಬ್‌ಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣದ ಮಾನದಂಡದಲ್ಲಿ ಎಕ್ಸ್‌ಪೋರ್ಟ್ ಮಾಡಿ ತಂಗಿಗೆ ಕಳಿಸಿದೆ.

"ಈಗ ಕಾಣಸ್ತೀನಿ" ಅಂತ ಬರೆದಿದ್ದಾಳೆ. ಜೊತೆಗೆ ಸಂಕ್ರಮಣಕ್ಕೆ ಚಂದ್ರಕಾಳಿ ಉಡುತ್ತಾಳಂತೆ, ಮತ್ತೆ ಅಲ್ಲೇ ಫೋಟೊ ಬೇಕಂತೆ. ಕಪ್ಪು ಒಡಲು, ಕೆಂಪು ಸೆರಗು, ಕಿತ್ತಳೆ ಗುಡ್ಡ. ಇವತ್ತಿನ ಸೆಟ್ಟಿಂಗ್ ಅದಕ್ಕೆ ನಡೆಯುವುದಿಲ್ಲ, ನೆರಳಿಗೆ ನೀಲಿ ಹಾಕಿದರೆ ಕಪ್ಪು ಸೀರೆ ನೀಲಿ ಸೀರೆಯಾಗಿಬಿಡುತ್ತದೆ. ಆಗ ನೆರಳಿನ ಚಕ್ರವನ್ನು ಸೊನ್ನೆಯಲ್ಲೇ ಬಿಟ್ಟು, ಬೆಳಕಿನ ಚಕ್ರ ಮತ್ತು ಗುಡ್ಡದ ಮಾಸ್ಕ್ ಇಷ್ಟರಲ್ಲೇ ಮುಗಿಸಬೇಕು. ಮತ್ತೆ ಗ್ರೇ ಕಾರ್ಡ್ ಒಯ್ಯಬೇಕು.