‘ಅದು ರೂಲ್, ಬರ್ಕೋ’

ಮೂರನೇ ಸೆಮಿಸ್ಟರಿನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೋಟ್‌ಬುಕ್ ನಿನ್ನೆ ಹಾಸ್ಟೆಲ್ಲಿನ ಟ್ರಂಕಿನ ತಳದಲ್ಲಿ ಸಿಕ್ಕಿತು. ಅದರ ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಸಾಲು ಇನ್ನೂ ಅಳಿಸಿಲ್ಲ: ‘ಶಿಯರ್ ಫೋರ್ಸ್ ಸೊನ್ನೆ ಆದ ಕಡೆಯೇ ಬೆಂಡಿಂಗ್ ಮೊಮೆಂಟ್ ಯಾಕೆ ಎಲ್ಲಕ್ಕಿಂತ ಹೆಚ್ಚು?’ ಬೀಮು ಅಂದರೆ ಭಾರ ಹೊರುವ ತೊಲೆ; ಅದನ್ನು ಅಡ್ಡಡ್ಡ ಕತ್ತರಿಸಲು ನೋಡುವ ಬಲ ಶಿಯರ್ ಫೋರ್ಸ್, ಬಗ್ಗಿಸಲು ನೋಡುವ ಪರಿಣಾಮ ಬೆಂಡಿಂಗ್ ಮೊಮೆಂಟ್. ಸಾಲಿನ ಕೆಳಗೆ ನಾಲ್ಕು ಅಡ್ಡಗೆರೆ. ಆ ಪ್ರಶ್ನೆಯನ್ನು ಆ ವಿಷಯ ಕಲಿಸುತ್ತಿದ್ದ ಸರ್ ಹತ್ತಿರ ಕೇಳಿದಾಗಲೆಲ್ಲ ಒಂದೊಂದು ಗೆರೆ ಎಳೆದಿದ್ದೆ.

ಈಗ ನಾನು ಏಳನೇ ಸೆಮಿಸ್ಟರ್. ಆ ವಿಷಯ ಪಾಸಾಗಿ ಬಹಳ ದಿನವಾಯಿತು. ಆದರೂ ಪುಟ ತೆರೆದ ಕೂಡಲೇ ಎದೆಯಲ್ಲಿ ಅದೇ ಸಂಕಟ ಎದ್ದು ಕೂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು. ಅಪ್ಪ ಗೌಂಡಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು 2023ರಲ್ಲಿ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದೆ. ಲ್ಯಾಟರಲ್ ಎಂಟ್ರಿ ಅಂತಾರೆ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ ಓದಿದವರಿಗೆ ಗೊತ್ತಿರುತ್ತದೆ, ನಮ್ಮ ಯುಎಸ್ಎನ್, ಅಂದರೆ ನೋಂದಣಿ ಸಂಖ್ಯೆ, ನೋಡಿದರೆ ಸಾಕು ನಾವು ಎಲ್ಲಿಂದ ಬಂದವರೆಂದು ತಿಳಿಯುತ್ತದೆ. ಕ್ಲಾಸಿನ ಉಳಿದವರದರಲ್ಲಿ ಸೇರಿದ ವರ್ಷ 22, ನಮ್ಮದರಲ್ಲಿ 23. ಅವರ ಕೊನೆಯ ಅಂಕಿ 001, 002 ಅಂತ ಹೋದರೆ ನಮ್ಮದು 400ರಿಂದ ಶುರು. ಕಾಲೇಜಿನಲ್ಲಿ ನಮಗೆ ಇದ್ದ ಹೆಸರೇ ‘ಫೋರ್ ಹಂಡ್ರೆಡ್ ಸೀರೀಸ್’. ಹಾಜರಿ ಕರೆಯುವಾಗ ನಮ್ಮ ನಂಬರುಗಳು ಕೊನೆಗೆ ಬರುತ್ತಿದ್ದವು. ಅಷ್ಟರಲ್ಲಿ ಸರ್ ರಿಜಿಸ್ಟರ್ ಅರ್ಧ ಮುಚ್ಚಿರುತ್ತಿದ್ದರು.

ನಾವು ಸೇರುವಷ್ಟರಲ್ಲಿ ಪಾಠ ಆಗಲೇ ಶುರುವಾಗಿತ್ತು. ಒಂದನೇ ಮಾಡ್ಯೂಲ್ ಮುಗಿದು ಬೀಮುಗಳಿಗೆ ಬಂದಿದ್ದರು. ಸರ್ ಕೈಯಲ್ಲಿ ಸ್ಪೈರಲ್ ಹಾಕಿಸಿದ ನೋಟ್ಸ್ ಇರುತ್ತಿತ್ತು. ಅದರಲ್ಲಿದ್ದುದನ್ನು ಬೋರ್ಡಿನ ಮೇಲೆ ಎಡಗಡೆಯಿಂದ ಬಲಗಡೆಗೆ ಬರೆಯುತ್ತ ಹೋಗುವರು. ಬಲತುದಿ ಮುಟ್ಟಿದ ಕೂಡಲೇ ನಮ್ಮ ಕಡೆ ತಿರುಗಿ ‘ಡೌಟ್ಸ್?’ ಅನ್ನುವರು, ಅನ್ನುತ್ತಲೇ ಎಡಗಡೆಯಿಂದ ಒರೆಸಲು ಶುರು ಮಾಡುವರು. ಕೈ ಎತ್ತಬೇಕೆಂದರೆ ಪ್ರಶ್ನೆ ಹುಟ್ಟಿದ ಲೆಕ್ಕವೇ ಬೋರ್ಡಿನ ಮೇಲೆ ಇರುತ್ತಿರಲಿಲ್ಲ.

ಮೊದಲ ಸಲ ನಾನು ಕೇಳಿದ್ದು ಹೀಗೆ: “ಸರ್, ಶಿಯರ್ ಫೋರ್ಸ್ ಸೊನ್ನೆ ಆದಲ್ಲೇ ಮೊಮೆಂಟ್ ಮ್ಯಾಕ್ಸಿಮಮ್ ಯಾಕ್ ಬರುತ್ತೆ?”

“ಅದು ರೂಲ್ ಅಮ್ಮಾ, ಬರ್ಕೋ.”

ಬರ್ಕೊಂಡೆ. ಎರಡನೇ ಸಲ ಕೇಳಿದಾಗ, “ಡಿಪ್ಲೊಮಾದಲ್ಲಿ ಇದೇ ಓದ್ಕೊಂಡು ಬಂದಿಲ್ವಾ? ಏನ್ ಹೇಳಿಕೊಡ್ತಾರೆ ಅಲ್ಲಿ?” ಅಂದರು. ಮುಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಮೂರನೇ ಸಲ ಸ್ಟಾಫ್ ರೂಮಿಗೇ ಹೋದೆ. “ಯೂಟ್ಯೂಬಲ್ಲಿ ಎಲ್ಲಾ ಇದೆ, ನೋಡು” ಅಂತ ತಲೆ ಎತ್ತದೆ ಹೇಳಿದರು. ನಾಲ್ಕನೇ ಸಲ, “ಇದು ಎಕ್ಸಾಮಿಗೆ ಬರಲ್ಲ. ಬರೋದನ್ನ ಓದು” ಅಂದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅವರು ಸುಮ್ಮನೆ ಕೂತವರಲ್ಲ. ನಾನು ಸ್ಟಾಫ್ ರೂಮಿಗೆ ಹೋದ ದಿನ ಅವರ ಟೇಬಲ್ಲಿನ ಮೇಲೆ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡಕ್ಕೆ ತೋರಿಸಬೇಕಾದ ಕೋರ್ಸ್ ಫೈಲುಗಳು ಎದೆ ಎತ್ತರಕ್ಕಿದ್ದವು. ಸಿಓ-ಪಿಓ ಅಂತ ಒಂದು ದೊಡ್ಡ ಕೋಷ್ಟಕ, ಕೋರ್ಸಿನ ಯಾವ ಗುರಿ ಪದವಿಯ ಯಾವ ಗುರಿಗೆ ಎಷ್ಟು ಹೊಂದುತ್ತದೆ ಎಂದು ಒಂದು, ಎರಡು, ಮೂರು ಅಂಕಿ ತುಂಬುತ್ತಿದ್ದರು. ಸಂಜೆ ಆರಕ್ಕೂ ಅವರ ಬೈಕು ಕಾಲೇಜಿನಲ್ಲೇ ನಿಂತಿರುತ್ತಿತ್ತು. ಖಾಸಗಿ ಕಾಲೇಜಿನ ಮೇಷ್ಟ್ರುಗಳ ಸಂಬಳದ ಕಷ್ಟ ನಮಗೆ ತಿಳಿಯದ್ದೇನೂ ಅಲ್ಲ. ದಣಿದಿದ್ದರು, ಒಪ್ಪುತ್ತೇನೆ. ಆದರೆ ದಣಿದವರು ‘ನಾಳೆ ಬಾ’ ಅನ್ನಬಹುದಿತ್ತು. ‘ನನಗೂ ಸರಿಯಾಗಿ ನೆನಪಿಲ್ಲ, ನೋಡಿ ಹೇಳ್ತೀನಿ’ ಅಂದಿದ್ದರೂ ನಾನು ಖುಷಿಯಿಂದ ಕಾಯುತ್ತಿದ್ದೆ. ಡಿಪ್ಲೊಮಾದಲ್ಲಿ ಏನು ಕಲಿತೆ ಅಂತ ನಲವತ್ತು ಜನರ ಮುಂದೆ ಕೇಳುವುದಕ್ಕೆ ದಣಿವು ಕಾರಣವಲ್ಲ.

ಯೂಟ್ಯೂಬ್ ನೋಡು ಅಂದದ್ದನ್ನು ನಾನು ನಿಜವಾಗಿಯೂ ಮಾಡಿದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಬಿಟ್ಟಿಯಾಗಿಯೇ ಸಿಗುತ್ತವೆ. ವೇಗ ಕಡಿಮೆ ಮಾಡಿ ಕೇಳಿದೆ. ಅವರು ‘ಮೊಮೆಂಟಿನ ಡೆರಿವೇಟಿವ್ ಶಿಯರ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಅದು ಉತ್ತರವೇ, ಈಗ ಗೊತ್ತು. ಆಗ ನನಗೆ ಡೆರಿವೇಟಿವ್ ಅಂದರೆ ಫಾರ್ಮುಲಾ ಹಾಕಿ ತೆಗೆಯುವ ಏನೋ ಒಂದು. ಇಳಿಜಾರು, ಏರು, ಶಿಖರ ಅನ್ನುವ ಚಿತ್ರ ಅದರ ಹಿಂದೆ ಇದೆ ಎಂದು ಯಾರೂ ಹೇಳಿರಲಿಲ್ಲ. ವಿಡಿಯೋ ನಿಲ್ಲಿಸಿ ‘ಸರ್, ಹಂಗಂದ್ರೆ?’ ಅಂತ ಕೇಳಲು ಆಗುವುದಿಲ್ಲ. ಮನುಷ್ಯ ಎದುರಿಗಿರುವ ಕಾಲೇಜಿಗೆ ಸಾಲ ಮಾಡಿ ಫೀಸು ಕಟ್ಟಿದ್ದು ಅದಕ್ಕೇ ಅಲ್ಲವೇ?

ಕೊನೆಗೆ ಅದು ಹೊಳೆದದ್ದು ಊರಿಗೆ ಹೋಗುವ ಬಸ್ಸಿನಲ್ಲಿ. ಆರು ಮೀಟರ್ ಉದ್ದದ ಬೀಮು, ಎರಡು ತುದಿಗೆ ಆಧಾರ, ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಸಮಭಾರ. ಒಟ್ಟು ಭಾರ 60, ಎರಡೂ ಆಧಾರಗಳಿಗೆ 30-30. ಫಾರ್ಮುಲಾ ಬಿಟ್ಟು ಮೀಟರ್ ಮೀಟರಿಗೆ ಲೆಕ್ಕ ಹಾಕುತ್ತ ಹೋದೆ. ಶಿಯರ್ 30, 20, 10, ಸೊನ್ನೆ, ಆಮೇಲೆ ಮೈನಸ್ 10, ಮೈನಸ್ 20, ಮೈನಸ್ 30. ಮೊಮೆಂಟ್ ಸೊನ್ನೆ, 25, 40, 45, ಮತ್ತೆ 40, 25, ಸೊನ್ನೆ. ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದು ನೋಡುತ್ತ ಕೂತೆ. ನಮ್ಮ ಹೊಲದ ತೊಟ್ಟಿ ನೆನಪಾಯಿತು. ನಲ್ಲಿಯಿಂದ ನೀರು ಮೊದಲು ಜೋರಾಗಿ ಬರುತ್ತದೆ, ಬರಬರುತ್ತ ಸಣ್ಣಗಾಗುತ್ತದೆ. ಸಣ್ಣಗಾದರೂ ಬರುತ್ತಿರುವ ತನಕ ತೊಟ್ಟಿ ಏರುತ್ತಲೇ ಇರುತ್ತದೆ. ನೀರು ನಿಂತ ಗಳಿಗೆಯಲ್ಲಿ ತೊಟ್ಟಿ ಎಷ್ಟು ತುಂಬಿದೆಯೋ ಅದೇ ಅದರ ಹೆಚ್ಚಿನ ಮಟ್ಟ. ಆಮೇಲೆ ಹೊರಗೆ ಬಿಡತೊಡಗಿದರೆ ಇಳಿಯುತ್ತದೆ. ಶಿಯರ್ ಅಂದರೆ ಬರುವ ನೀರು, ಮೊಮೆಂಟ್ ಅಂದರೆ ತೊಟ್ಟಿಯಲ್ಲಿ ನಿಂತ ನೀರು. ಇಷ್ಟೇ! ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ “ಯಾಕವಾ, ಏನಾತು?” ಅಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೋ ಸಂತೋಷಕ್ಕೋ ನನಗೇ ತಿಳಿಯಲಿಲ್ಲ. ಎರಡು ನಿಮಿಷದ ಮಾತಿಗೆ ಎರಡು ತಿಂಗಳು ಕಾಯಿಸಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಇನ್ನೊಂದು ಕೇಳಿದೆ. ಹಾಗಿಂಗ್ (ಬೀಮು ಮೇಲಕ್ಕೆ ಉಬ್ಬಿ ಬಗ್ಗುವುದು), ಸ್ಯಾಗಿಂಗ್ (ಕೆಳಕ್ಕೆ ಜೋಲುವುದು) ಎರಡನ್ನೂ ನಾನು ಬಾಯಿಪಾಠ ಮಾಡಿದ್ದೆನೇ ಹೊರತು ಚಿತ್ರ ಕಣ್ಣಿಗೆ ಕಟ್ಟಿರಲಿಲ್ಲ.

“ಅಪ್ಪಾ, ಸಜ್ಜಾಕ್ಕ ರಾಡ್ ಮ್ಯಾಲ್ ಹಾಕ್ತೀರಿ, ಸ್ಲ್ಯಾಬಿಗೆ ಕೆಳಗ ಹಾಕ್ತೀರಿ. ಯಾಕ?”

ಅಪ್ಪ ಎಡಗೈ ಮುಂದೆ ಚಾಚಿದ. “ಸಜ್ಜಾ ಹಿಂಗ ಗ್ವಾಡಿಯಿಂದ ಹೊರಗ ಚಾಚಿರತೈತಿ ಯವ್ವಾ. ತುದಿ ಬಗ್ಗಿದರ ಹರಿಯೋದು ಮ್ಯಾಲ್. ಸ್ಲ್ಯಾಬ್ ಆದ್ರ ನಡುವ ಜೋಲ್ತೈತಿ, ಹರಿಯೋದು ಕೆಳಗ. ಎಲ್ಲಿ ಹರಿತೈತೋ ಅಲ್ಲಿ ಕಬ್ಬಣ ಇರಬೇಕು. ಕಾಂಕ್ರೀಟ್ ಎಳೆತಕ್ಕ ತಡಿಯಂಗಿಲ್ಲ.”

ಆಮೇಲೆ ಹಳೆಯದೊಂದು ಘಟನೆ ಹೇಳಿದ. ಅವನು ಹುಡುಗನಾಗಿ ಕೆಲಸಕ್ಕೆ ಹೋಗುತ್ತಿದ್ದಾಗ ಕಾಂಕ್ರೀಟ್ ಸುರಿಯುವವರು ಸಜ್ಜಾದ ರಾಡುಗಳನ್ನು ತುಳಿದುಕೊಂಡೇ ಓಡಾಡಿದರಂತೆ. ರಾಡು ಕೆಳಗೆ ಕೂತುಬಿಟ್ಟಿತು, ಯಾರೂ ಎತ್ತಿ ನಿಲ್ಲಿಸಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ದಿನ ಸಜ್ಜಾ ಗೋಡೆಯ ಬುಡದಲ್ಲೇ ಮುರಿದು ಬಿತ್ತು. ಕೆಳಗೆ ಯಾರೂ ಇರಲಿಲ್ಲ ಅನ್ನುವುದೊಂದೇ ಪುಣ್ಯ. ಸಜ್ಜಾದ ಹಾಗೆ ಒಂದೇ ಕಡೆ ಆಧಾರವಿರುವ ಕ್ಯಾಂಟಿಲಿವರಿನಲ್ಲಿ ಮೊಮೆಂಟ್ ಆಧಾರದ ಹತ್ತಿರವೇ ಹೆಚ್ಚು, ಎಳೆತ ಮೇಲ್ಭಾಗದಲ್ಲಿ. ನಮ್ಮ ನೋಟ್ಸಿನ ಮೂರು ಪುಟ ಅಪ್ಪನ ಕೈಯಲ್ಲಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವನು ಅವನು. ‘ಅದು ರೂಲ್’ ಅಂತ ಅವನು ಹೇಳಲಿಲ್ಲ.

ಅರ್ಥವಾದ ಖುಷಿಯಲ್ಲಿ ಮುಂದಿನ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಪರೀಕ್ಷೆಯಲ್ಲಿ, ಶಿಯರ್ ಡಯಾಗ್ರಾಮಿನ ವಿಸ್ತೀರ್ಣ ಕೂಡಿಸುತ್ತ ಮೊಮೆಂಟ್ ತೆಗೆದೆ. ಸರ್ ಬೋರ್ಡಿನ ಮೇಲೆ ಪ್ರತಿ ಸಲ ಸೆಕ್ಷನ್ ಕತ್ತರಿಸಿ ಸಮೀಕರಣ ಬರೆಯುತ್ತಿದ್ದರು. ಉತ್ತರ ಎರಡರಲ್ಲೂ ಒಂದೇ. ಡಯಾಗ್ರಾಮೂ ಸರಿ ಇತ್ತು. ಹತ್ತಕ್ಕೆ ನಾಲ್ಕು ಬಂತು. ಪೇಪರ್ ಹಿಡಿದು ಹೋದರೆ, “ಕ್ಲಾಸಲ್ಲಿ ಹೇಳಿದ ಮೆಥಡಲ್ಲಿ ಬರಿಬೇಕು” ಅಂದರು. “ಉತ್ತರ ತಪ್ಪಿದೆಯಾ ಸರ್?” ಅಂದೆ. “ವಾದ ಮಾಡಬೇಡ” ಅಂದರು.

ಹೊರಗಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ನಮ್ಮ ಸ್ಕೀಮಿನಲ್ಲಿ ನೂರರಲ್ಲಿ 50 ಅಂಕ ಕಾಲೇಜಿನ ಕೈಯಲ್ಲೇ ಇರುತ್ತದೆ, ಸಿಐಇ. ಅದರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಹಾಜರಿ 85 ಪರ್ಸೆಂಟ್ ಇರಬೇಕು, ಅದೂ ಅವರ ರಿಜಿಸ್ಟರಿನಲ್ಲಿ. ವಿಟಿಯು ಪರೀಕ್ಷೆಯ ಪೇಪರ್ ಆದರೆ ಫೋಟೋಕಾಪಿ ತರಿಸಬಹುದು, ರಿವ್ಯಾಲ್ಯುಯೇಷನ್‌ಗೆ ಹಾಕಬಹುದು. ಇಂಟರ್ನಲ್ಸ್‌ಗೆ ಹಾಗೆ ಎಲ್ಲಿಗೆ ಹೋಗುವುದು? ಕೊಟ್ಟವರ ಹತ್ತಿರವೇ ಹೋಗಬೇಕು.

ಸೆಮಿಸ್ಟರ್ ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಬಂತು. ಆನ್‌ಲೈನ್. ಒಳಗೆ ಹೋಗಲು ಯುಎಸ್ಎನ್ ಹಾಕಬೇಕು. ‘ಗುಟ್ಟಾಗಿ ಇಡಲಾಗುವುದು’ ಅಂತ ಮೇಲೆ ಬರೆದಿತ್ತು, ನಂಬಿದೆ. ಯಾವ ಬೈಗುಳವೂ ಇಲ್ಲದೆ ಮೂರು ವಾಕ್ಯ ಬರೆದೆ. ಬೋರ್ಡ್ ಒರೆಸುವ ಮೊದಲು ಸ್ವಲ್ಪ ಸಮಯ ಕೊಟ್ಟರೆ ಒಳ್ಳೆಯದು, ಪ್ರಶ್ನೆ ಕೇಳಿದರೆ ಡಿಪ್ಲೊಮಾದವರೆಂದು ಹೀಯಾಳಿಸಬಾರದು, ಬೇರೆ ವಿಧಾನದಲ್ಲಿ ಸರಿಯುತ್ತರ ಬರೆದರೆ ಅಂಕ ಕೊಡಬೇಕು. ಒಂದು ವಾರ ಕಳೆಯಲಿಲ್ಲ, ಸರ್ ಕ್ಲಾಸಿಗೆ ಬಂದವರೇ, “ಫೋರ್ ಹಂಡ್ರೆಡ್ ಸೀರೀಸಿನವರಿಗೆ ನನ್ನ ಪಾಠ ಸರಿ ಹೋಗ್ತಿಲ್ವಂತೆ” ಅಂದರು. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ನಮ್ಮ ಕ್ಲಾಸಿನಲ್ಲಿ ಆ ಸೀರೀಸಿನವರು ಇದ್ದುದೇ ಆರು ಜನ, ಹುಡುಗಿಯರು ಇಬ್ಬರು. ಉಳಿದ ಐವರು ಆ ದಿನ ಸಂಜೆ ನನ್ನ ಜೊತೆ ಮಾತಾಡಲಿಲ್ಲ. ಅವರಿಗೂ ಸಿಐಇ ಬೇಕಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆಗಲೂ ಇರಲಿಲ್ಲ. ಸರ್ ಮೇಲೆ ಮಾತ್ರ ಆ ದಿನದ ಸಿಟ್ಟು ಇನ್ನೂ ಇದೆ.

ಪರೀಕ್ಷೆಯಲ್ಲಿ ಬೀಮಿನ ಪ್ರಶ್ನೆಯನ್ನೇ ಆರಿಸಿಕೊಂಡು ಪೂರ್ತಿ ಬರೆದೆ. ಪಾಸಾದೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಆ ನೋಟ್‌ಬುಕ್ಕನ್ನು ಟ್ರಂಕಿನಿಂದ ತೆಗೆಯಬೇಕಾಗಿ ಬಂದದ್ದು ಜೂನಿಯರ್‌ಗಳಿಗಾಗಿ. ಈ ವರ್ಷ ಡಿಪ್ಲೊಮಾ ಮುಗಿಸಿ ಬಂದ ನಾಲ್ಕು ಹುಡುಗಿಯರು ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದಾರೆ. ಶನಿವಾರ ರಾತ್ರಿ ಊಟ ಆದ ಮೇಲೆ ನನ್ನ ರೂಮಿಗೆ ಬರುತ್ತಾರೆ. ತೊಟ್ಟಿಯ ನೀರು, ಅಪ್ಪನ ಕೈ ಎರಡನ್ನೂ ಅವರಿಗೆ ಹೇಳಿಯಾಯಿತು. ಮೊನ್ನೆ ಅವರಲ್ಲೊಬ್ಬಳು, ಹಿರೇಕೆರೂರಿನ ಕಡೆಯವಳು, ತಲೆ ಕೆರೆದುಕೊಳ್ಳುತ್ತ ಕೇಳಿದಳು: “ಅಕ್ಕಾ, ಆಯತಾಕಾರದ ಬೀಮಿನಾಗ ನಟ್ಟನಡುವಿನ ನ್ಯೂಟ್ರಲ್ ಆಕ್ಸಿಸ್ ಹತ್ರ ಬೆಂಡಿಂಗ್ ಸ್ಟ್ರೆಸ್ ಸೊನ್ನೆ ಅಂತಾರ. ಅಲ್ಲೇ ಶಿಯರ್ ಸ್ಟ್ರೆಸ್ ಎಲ್ಲಕ್ಕಿಂತ ಹೆಚ್ಚು, ಸರಾಸರಿಯ ಒಂದೂವರೆ ಪಟ್ಟು ಅಂತಾರ. ಏನೂ ಆಗದ ಜಾಗದಾಗ ಅದು ಹೆಂಗ ಹೆಚ್ಚಾಗತೈತಿ?”

ಫಾರ್ಮುಲಾ ನನಗೆ ಗೊತ್ತು. ಬರೆದು ತೋರಿಸಿ ಕಳಿಸಬಹುದಿತ್ತು. “ನನಗೂ ಗೊತ್ತಿಲ್ಲ ಕಣೇ, ಯೋಚಿಸಿ ಶನಿವಾರ ಹೇಳ್ತೀನಿ” ಅಂದೆ.

ನಾಳೆಯೇ ಶನಿವಾರ. ಮೆಸ್ಸಿನಿಂದ ಎರಡು ಬ್ರೆಡ್ ಸ್ಲೈಸ್ ತಂದು ಒಂದರ ಮೇಲೊಂದು ಇಟ್ಟು ಬಗ್ಗಿಸಿ ನೋಡುತ್ತಿದ್ದೇನೆ. ಬಗ್ಗಿಸಿದಾಗ ಎರಡರ ನಡುವೆ ಜಾರುವುದು ಕಾಣುತ್ತದೆ. ಅಂಟಿಸಿದರೆ ಆ ಜಾರುವಿಕೆಯನ್ನು ತಡೆಯುವುದು ಮಧ್ಯದ ಅಂಟೇ. ಇಲ್ಲಿಯವರೆಗೆ ಬಂದಿದ್ದೇನೆ. ಒಂದೂವರೆ ಪಟ್ಟೇ ಯಾಕೆ ಅನ್ನುವುದು ಇನ್ನೂ ಬ್ರೆಡ್ಡಿನಲ್ಲಿ ಕೂರುತ್ತಿಲ್ಲ.